ಮೂವತ್ತೊಂದನೇ ಪುಟದಲ್ಲಿ ನಿಂತ ಹುಡುಗಿ

ಮಕ್ಕಳ ಪುಸ್ತಕಗಳಿಗೆ ವಯಸ್ಸು ನಿಗದಿ ಮಾಡುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಮ್ಮೂರಿನ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ನೀವು ಒಂದು ಪುಸ್ತಕದ ಮೂವತ್ತೊಂದನೇ ಪುಟದಲ್ಲಿ ನಿಲ್ಲಿಸಿ ನಾಲ್ಕು ತಿಂಗಳಾಯಿತು. ಅವಳು ಇನ್ನೂ ಅಲ್ಲೇ ನಿಂತಿದ್ದಾಳೆ. ಮೂವತ್ತೆರಡನೇ ಪುಟ ತಿರುವಲು ಅವಳು ಇನ್ನೂ ಐದು ವರ್ಷ ಕಾಯಬೇಕು ಎಂದು ನಿಮ್ಮ ಸುತ್ತೋಲೆ ಹೇಳುತ್ತದೆ. ಈ ವಿಷಯವಾಗಿ ನಿಮಗೆ ಮೂರು ಪತ್ರ ಬರೆದೆ. ಒಂದಕ್ಕೆ ಮಾತ್ರ ಉತ್ತರ ಬಂತು, ಒಂದೇ ಸಾಲು: "ತಮ್ಮ ಮನವಿ ಪರಿಶೀಲನೆಯಲ್ಲಿದೆ." ಯಾರು ಪರಿಶೀಲಿಸುತ್ತಿದ್ದಾರೆ, ಎಲ್ಲಿ ಕೂತು ಪರಿಶೀಲಿಸುತ್ತಿದ್ದಾರೆ, ಪರಿಶೀಲನೆ ಮುಗಿಯುವಷ್ಟರಲ್ಲಿ ಆ ಹುಡುಗಿಗೆ ಹೇಗೂ ಹದಿನಾಲ್ಕು ತುಂಬುತ್ತದೆ ಎಂದು ಕಾಯುತ್ತಿದ್ದಾರೋ ಏನೋ, ಗೊತ್ತಿಲ್ಲ. ಅದಕ್ಕೇ ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಓದದಿದ್ದರೂ ನಾಲ್ಕು ಜನ ಓದಲಿ.

ನಾನು ಗಾವಡಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ಬಟ್ಟೆ ಹೊಲಿಯುವವಳು. ಪ್ರಾಯದಲ್ಲಿ ಸಾಕ್ಷರತಾ ಆಂದೋಲನಕ್ಕೆ ಸೇರಿ, ಕೊರಳಿಗೆ ತಮಟೆ ಹಾಕಿಕೊಂಡು, ಗಾವಡಗೆರೆಯಿಂದ ಗುರುಪುರದವರೆಗೆ ಬೀದಿ ಬೀದಿಯಲ್ಲಿ ನಿಂತು "ಓದಿ, ಓದಿ" ಎಂದು ಕೂಗಿದವಳು. ಈಗ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಪಂಚಾಯಿತಿಯ ಗ್ರಂಥಾಲಯದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇನೆ. ಸಂಬಳವಿಲ್ಲ, ಗುರುತಿನ ಚೀಟಿಯಿಲ್ಲ. ಹೀಗಾಗಿ ನನ್ನನ್ನು ಅಮಾನತು ಮಾಡುವ ಸುಖ ನಿಮಗಿಲ್ಲ.

ಮೊದಲು ನನ್ನದೇ ತಪ್ಪು ಒಪ್ಪಿಕೊಳ್ಳುತ್ತೇನೆ. ನಿಮ್ಮ ಚೀಟಿಗಳನ್ನು ಪುಸ್ತಕಗಳಿಗೆ ಅಂಟಿಸಿದವಳು ನಾನೇ. ಜೂನ್ ತಿಂಗಳಲ್ಲಿ ಬಣ್ಣಬಣ್ಣದ ಚೀಟಿಗಳ ಒಂದು ಕಟ್ಟು ಬಂತು. ಐದರಿಂದ ಏಳು ವರ್ಷಕ್ಕೆ ಹಸಿರು, ಎಂಟರಿಂದ ಹತ್ತಕ್ಕೆ ಹಳದಿ, ಹನ್ನೊಂದರಿಂದ ಹದಿಮೂರಕ್ಕೆ ಕೇಸರಿ, ಹದಿನಾಲ್ಕರ ಮೇಲೆ ಕೆಂಪು. ಯಾವ ಪುಸ್ತಕಕ್ಕೆ ಯಾವ ಬಣ್ಣ ಎಂದು ಪಟ್ಟಿಯನ್ನೂ ಕಳಿಸಿದ್ದಿರಿ. ಗ್ರಂಥಪಾಲಕ ಚಲುವರಾಜು ಒಬ್ಬನೇ. "ಅಕ್ಕಾ, ವಾರದೊಳ್ಗೆ ಮುಗೀಬೇಕಂತೆ, ಫೋಟೋ ತಗ್ದು ಕಳಿಸ್ಬೇಕು, ಒಸಿ ಕೈ ಆಕಿ" ಎಂದ. ಹಾಕಿದೆ. ಮಕ್ಕಳನ್ನೂ ಕೂರಿಸಿಕೊಂಡೆ. ಗೋಂದು ಹಚ್ಚಿ, ಬೆರಳಲ್ಲಿ ಒತ್ತಿ, ಸಾಲಾಗಿ ಒಣಗಿಸಿದೆವು. ಹಬ್ಬದ ಹಾಗಿತ್ತು. ತಮ್ಮ ಬಾಗಿಲಿಗೆ ತಾವೇ ಚಿಲಕ ಹೊಡೆದುಕೊಳ್ಳುತ್ತಿದ್ದೇವೆ ಎಂದು ಆ ಮಕ್ಕಳಿಗೆ ಗೊತ್ತಿರಲಿಲ್ಲ. ಐವತ್ತು ದಾಟಿದ ನನಗೂ ಗೊತ್ತಾಗಲಿಲ್ಲವಲ್ಲ! ಚೀಟಿ ಬರೀ ಸಲಹೆ ಎಂದುಕೊಂಡಿದ್ದೆ. ಬೀಗ ಆಮೇಲೆ ಬಂತು. ಕೆಂಪು ಚೀಟಿಯ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಕು, ಹದಿನಾಲ್ಕು ದಾಟಿದವರು ಅಲ್ಲೇ ಕೂತು ಓದಬೇಕು, ಮನೆಗೆ ಕೊಡಕೂಡದು, ಹದಿನೆಂಟು ದಾಟಿದವರಿಗೆ ಮಕ್ಕಳ ಪುಸ್ತಕ ಕೊಡಲೇಕೂಡದು ಎಂದು ಎರಡನೇ ಸುತ್ತೋಲೆ.

ನಿಮ್ಮ ಪಟ್ಟಿಯ ಹಿಂದೆ ಒಂದು ಟಿಪ್ಪಣಿಯಿತ್ತು. ಅದನ್ನು ನಾನು ಎರಡೆರಡು ಸಲ ಓದಿದೆ. ಸಾವು, ವಾಸಿಯಾಗದ ಕಾಯಿಲೆ, ಕುಡಿತ, ಮನೆಯೊಳಗಿನ ಹೊಡೆದಾಟ ಬರುವ ಕಥೆಗಳು ಹದಿನಾಲ್ಕರ ಮೇಲೆ. ಹಸಿವು ಬರುವ ಕಥೆಗಳು ಹನ್ನೊಂದರ ಮೇಲೆ. ಹಸಿವಿಗೆ ಹನ್ನೊಂದು ವರ್ಷ ಎಂದು ಗೊತ್ತು ಮಾಡಿದ ಮಹಾನುಭಾವರು ಯಾರು ಸ್ವಾಮಿ? ಬಿಸಿಯೂಟದ ಗಂಟೆಗೆ ಒಂದನೇ ತರಗತಿಯ ಮಕ್ಕಳು ತಟ್ಟೆ ಹಿಡಿದು ಹೇಗೆ ಓಡುತ್ತವೆ, ಎಂದಾದರೂ ನೋಡಿದ್ದೀರಾ? ಅಡ್ಡ ನಿಂತು ಹೇಳಿ ನೋಡೋಣ: ನಿಲ್ಲಿ ಮಕ್ಕಳೇ, ನಿಮಗಿನ್ನೂ ಹಸಿವಿನ ವಯಸ್ಸಾಗಿಲ್ಲ.

ಇನ್ನೊಂದು ಮಾತು. ಈಗ ನಮ್ಮ ಕಡೆ ಬ್ಯಾರನ್‌ಗಳು ಉರಿಯುವ ಕಾಲ. ಹೊಗೆಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಮನೆಗೆ ನಾವು ಬ್ಯಾರನ್ ಎನ್ನುತ್ತೇವೆ. ಹುಣಸೂರು, ಪಿರಿಯಾಪಟ್ಟಣದ ಯಾವ ಊರಿಗೆ ಹೋದರೂ ಹೊಲಕ್ಕೊಂದು ಸಿಗುತ್ತದೆ. ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ ಒಳಗೆ ನೇತುಹಾಕಬೇಕು. ಕಟ್ಟುವವರು ಯಾರು? ಶಾಲೆ ಮುಗಿಸಿ ಬಂದ ಮಕ್ಕಳು. ಅಂಗೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ, ತಲೆ ಸುತ್ತುತ್ತದೆ, ಎಳೆಯವು ಕೆಲವು ವಾಂತಿ ಮಾಡಿಕೊಳ್ಳುತ್ತವೆ. ಮಾನ್ಯರೇ, ಆ ಸೊಪ್ಪಿಗೆ ಯಾವ ಬಣ್ಣದ ಚೀಟಿ? ಕೋಲಿಗೆ ಎಷ್ಟು ವಯಸ್ಸು? ಯಾವ ಸಮಿತಿ ಬಂದು ಯಾವ ಬ್ಯಾರನ್ನಿಗೆ ಬೀಗ ಹಾಕಿತು? ಹೊಗೆಸೊಪ್ಪು ಕಟ್ಟಿದ ಕೈಯನ್ನು ತೊಳೆದುಕೊಂಡು ಬಂದ ಮಗುವನ್ನು ತಡೆಯಲು ನಿಮಗೆ ಸಿಕ್ಕಿದ್ದು ಗ್ರಂಥಾಲಯದ ಬಾಗಿಲೊಂದೇನಾ?

ಇರಲಿ. ಕೋಪದಲ್ಲಿ ಹುಡುಗಿಯನ್ನೇ ಮರೆತೆ. ಅವಳ ಹೆಸರು ಕಾವ್ಯಶ್ರೀ. ನಾಲ್ಕನೇ ತರಗತಿ. ಅಪ್ಪ ಮಾದೇಶ, ಒಂದೂವರೆ ಎಕರೆ, ಒಂದು ಬ್ಯಾರನ್, ಬಾಯಲ್ಲಿ ಮಾತಿಲ್ಲದ ಮನುಷ್ಯ. ಅಮ್ಮ ಪವಿತ್ರಾ. ಕಳೆದ ವರ್ಷ ಪವಿತ್ರಾಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೋಗುವ ಬೆಳಿಗ್ಗೆ ಮಗಳಿಗೆ ಎರಡು ಜಡೆ ಹಾಕಿ, "ಸೋಮವಾರ ಬತ್ತೀನಿ, ಬಿಚ್ಕೋಬ್ಯಾಡ" ಎಂದು ಬಸ್ಸು ಹತ್ತಿದಳು. ಸೋಮವಾರ ಮಗಳನ್ನು ಮಿರ್ಲೆಗೆ, ಸೋದರತ್ತೆ ಭಾಗ್ಯಳ ಮನೆಗೆ ಸಾಗಿಸಿದರು. ಹೆಣ ಊರಿಗೆ ಬಂತು, ಮಣ್ಣಾಯಿತು, ತಿಥಿಯೂ ಆಯಿತು. ಅದೆಲ್ಲ ಮುಗಿದ ಮೇಲೆ ಮಗುವನ್ನು ಕರೆತಂದರು. ಬಂದು ನೋಡಿದರೆ ಟೀವಿಯ ಪಕ್ಕದ ಗೋಡೆಯ ಮೇಲೆ ಅಮ್ಮನ ಫೋಟೊ, ಫೋಟೊಗೆ ಹಾರ. ಏನಾಯಿತು ಎಂದು ಯಾರೂ ಹೇಳಲಿಲ್ಲ. ಇವಳೂ ಕೇಳಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಆ ಮಾತೇ ಇಲ್ಲ. ಮಗು ಚಿಕ್ಕದು, ಅದಕ್ಕೇನು ಗೊತ್ತಾಗುತ್ತದೆ ಎಂದು ಅವರು ಅಂದುಕೊಂಡಿದ್ದರು. ನೋಡಿ, ನಿಮ್ಮ ಸಮಿತಿಗಿಂತ ಮೊದಲೇ ಅವಳ ಮನೆಯವರು ಅವಳಿಗೆ ಕೆಂಪು ಚೀಟಿ ಅಂಟಿಸಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹೇಳಲು ಬಾಯಿ ಬರಲಿಲ್ಲ, ಅಷ್ಟೇ. ನಿಮ್ಮ ಬಾಯಿಗೆ ಏನಾಗಿತ್ತು?

ಮೇ ತಿಂಗಳ ಒಂದು ಶನಿವಾರ ಅವಳ ಕೈಗೆ ಆ ಪುಸ್ತಕ ಸಿಕ್ಕಿತು. ಬಿಳಿ ರಟ್ಟು, ಮೇಲೊಂದು ಬಾಚಣಿಗೆಯ ಚಿತ್ರ, ಒಟ್ಟು ಎಪ್ಪತ್ತು ಪುಟ. ಆಸ್ಪತ್ರೆಗೆ ಹೋದ ಅಮ್ಮನಿಗಾಗಿ ಬಾಚಣಿಗೆ ಹಿಡಿದು ಬಸ್ ನಿಲ್ದಾಣದಲ್ಲಿ ಕಾಯುವ ಹುಡುಗಿಯ ಕಥೆ. ನಾನು ಆರಿಸಿ ಕೊಟ್ಟದ್ದಲ್ಲ. ಅವಳೇ ಬಾಚಣಿಗೆ ನೋಡಿ ಎತ್ತಿಕೊಂಡಳು. ಅವಳದು ನಿಧಾನದ ಓದು, ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸಿಕೊಂಡು ಓದುತ್ತಾಳೆ. ವಾರಕ್ಕೆ ಏಳೆಂಟು ಪುಟ. ಎಲ್ಲಿಗೆ ಓದಿದೆ ಎಂದು ಗುರುತಿಗೆ ನನ್ನ ಅಂಗಡಿಯಿಂದ ಯೂನಿಫಾರಂ ಬಟ್ಟೆಯ ನೀಲಿ ಚಿಂದಿಯೊಂದನ್ನು ತಂದು ಇಟ್ಟುಕೊಂಡಿದ್ದಳು. ಮೂವತ್ತೊಂದನೇ ಪುಟದಲ್ಲಿ ಬಸ್ಸು ಬಂದು ನಿಲ್ಲುತ್ತದೆ. ಅಪ್ಪ ಒಬ್ಬನೇ ಇಳಿಯುತ್ತಾನೆ. ಅಲ್ಲಿಗೆ ಜೂನ್ ಬಂತು, ನಿಮ್ಮ ಚೀಟಿ ಬಂತು. ಚೀಟಿ ಹಿಂದೆ ಬೀಗ ಬಂತು.

"ಅಣ್ಣಾ, ಬಾಚಣಿಗೆ ಪುಸ್ತಕ?" ಎಂದು ಕೇಳಿದಳು. ಚಲುವರಾಜು ಅವಳ ನಂಬರನ್ನು ಇಲಾಖೆ ಕೊಟ್ಟ ಮೊಬೈಲಿನಲ್ಲಿ ಒತ್ತಿದ. ಒಂಬತ್ತು ವರ್ಷ ಎಂದು ತೋರಿಸಿ ಪರದೆ ಕೆಂಪಾಯಿತು. "ಆಗಕಿಲ್ಲ ಕಣವ್ವ" ಎಂದು ಅವನು ತಲೆ ತಗ್ಗಿಸಿದ. ಅವನದು ಗೌರವಧನದ ನೌಕರಿ. ಅವನು ನಿಮ್ಮ ನಿಯಮ ಒಂದನ್ನೂ ಮುರಿದಿಲ್ಲ. ಅದೇ ನನ್ನ ದೂರು.

ನಾನು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಪುಸ್ತಕ ಬಂದ ಹೊಸದರಲ್ಲೇ ಓದಿದ್ದೆ, ಕಥೆ ಪೂರ್ತಿ ನೆನಪಿದೆ. "ಬಾ, ಮುಂದಿನದ್ನ ನಾನೇ ಹೇಳ್ತೀನಿ" ಎಂದೆ.

"ನೀವ್ ಏಳ್ಬ್ಯಾಡಿ ಟೈಲರಮ್ಮ."

"ಯಾಕೆ?"

"ಎಲ್ರೂ ಏಳ್ತಾರೆ. ಅವ್ವ ಸೋಮಾರ ಬತ್ತಾಳೆ ಅಂತ ಅತ್ತೇನೂ ಏಳಿದ್ಲು."

"ಪುಸ್ತಕದಲ್ಲಿರೋದನ್ನೇ ಹೇಳ್ತೀನಿ ಕಣೆ, ನಾನ್ಯಾಕೆ ಸುಳ್ ಹೇಳ್ಲಿ?"

"ನೀವು ನನ್ ಮೊಕ ನೋಡ್ಕಂಡು ಬದ್ಲಾಯ್ಸ್‌ಬುಡ್ತೀರಾ. ಪುಸ್ತಕ ಬದ್ಲಾಯ್ಸಾಕಿಲ್ಲ" ಎಂದಳು.

ಪ್ರಾಯವೆಲ್ಲ ಅಕ್ಷರ ಅಕ್ಷರ ಎಂದು ಬೀದಿಯಲ್ಲಿ ಕೂಗಿದೆನಲ್ಲ, ಪುಸ್ತಕ ಯಾಕೆ ಬೇಕು ಎಂದು ಇಷ್ಟು ಚೆನ್ನಾಗಿ ನಾನು ಒಮ್ಮೆಯೂ ಹೇಳಿರಲಿಲ್ಲ. ಅವಳು ಹೇಳಿದ್ದು ನಿಜವೂ ಹೌದು. ನಾನು ಬದಲಾಯಿಸುತ್ತಿದ್ದೆ. ಅವಳ ಕಣ್ಣು ನೋಡಿ ಎಲ್ಲೋ ಒಂದು ಕಡೆ ಕಥೆಯನ್ನು ಮೆತ್ತಗೆ ಮಾಡಿಬಿಡುತ್ತಿದ್ದೆ. ಇನ್ನೊಂದು ಪ್ರತಿ ಕೊಂಡು ತರೋಣ ಎಂದು ಪ್ರಕಾಶಕರಿಗೆ ಫೋನು ಮಾಡಿದೆ. ಇದ್ದ ಪ್ರತಿಗಳಿಗೆಲ್ಲ ನಿಮ್ಮ ಗುರುತು ಒತ್ತಿಸಬೇಕಂತೆ, ಅಲ್ಲಿಯವರೆಗೆ ಮಾರುವಂತಿಲ್ಲವಂತೆ. ಓದಬೇಕಾದವಳಿಗೆ ವಯಸ್ಸು ಸಾಲದು, ಓದಿ ಹೇಳಬಲ್ಲ ನನಗೆ ವಯಸ್ಸು ಮೀರಿದೆ. ಇಷ್ಟು ಪಕ್ಕಾ ಕೆಲಸವನ್ನು ನಿಮ್ಮ ಕಚೇರಿ ನಮ್ಮೂರ ರಸ್ತೆಗೂ ಮಾಡಿಸಿಕೊಟ್ಟಿದ್ದರೆ!

ಇನ್ನು ಅವಳ ಅಜ್ಜಿ ಚಿಕ್ಕಬೀರಮ್ಮ ಮಾಡಿದ ಕೆಲಸ ಹೇಳಲೇಬೇಕು. ಮೊಮ್ಮಗಳು ಶನಿವಾರ ಶನಿವಾರ ಗಾಜಿನ ಬೀರುವಿನ ಮುಂದೆ ನಿಂತು ಬರುತ್ತಾಳೆ ಎಂದು ಆಯಮ್ಮನಿಗೆ ಗೊತ್ತಾಯಿತು. ಪುಸ್ತಕದಲ್ಲಿ ಏನಿದೆ ಎಂದು ಅವರಿಗೆ ತಿಳಿಯದು, ಓದು ಬಾರದು. ಆದರೆ ವಯಸ್ಸು ಸಾಲದು ಎಂದರೆ ಏನು ಮಾಡಬೇಕು ಎಂದು ಆಯಮ್ಮನಿಗೆ ಚೆನ್ನಾಗಿ ಗೊತ್ತು. ಮೊಮ್ಮಗಳ ಕೈ ಹಿಡಿದುಕೊಂಡು, ನನ್ನನ್ನೂ ಕರೆದುಕೊಂಡು, ಮುಖ್ಯೋಪಾಧ್ಯಾಯರಾದ ಚಿಕ್ಕಬಸಪ್ಪನವರ ಮುಂದೆ ಹೋಗಿ ನಿಂತರು.

"ಮೇಷ್ಟ್ರೇ, ನಮ್ ಕಾವ್ಯನ್ಗೆ ಒಂದೈದ್ ವರ್ಸ ಜಾಸ್ತಿ ಬರ್ದ್‌ಬುಡಿ."

"ಯಾಕಮ್ಮೋ? ಗಂಡು ಗಿಂಡು ನೋಡಿದ್ದೀಯಾ ಹೆಂಗೆ? ಜೈಲಿಗೋಗ್ತೀಯ ನೋಡು."

"ಥೂ, ಬುಡ್ತು ಅನ್ನಿ! ಆ ಕೂಸ್ಗೆ ಗಂಡಾ? ಪುಸ್ತಕ ಓದಾಕೆ ಕಣ್ ಮೇಷ್ಟ್ರೇ. ಅದ್ಯಾವ್ದೋ ಪುಸ್ತಕಕ್ಕೆ ಅದ್ನಾಕ್ ವರ್ಸ ತುಂಬಿರ್ಬೇಕಂತಲ್ಲ."

"ಅಂಗೆಲ್ಲಾ ಬರೆಯಕ್ಕಾಗಲ್ಲ ಚಿಕ್ಕಬೀರಮ್ಮ. ಅವಳು ಹುಟ್ಟಿರೋದು ಆಸ್ಪತ್ರೇಲಿ. ತಾರೀಕು, ಗಂಟೆ, ನಿಮಿಷ ಎಲ್ಲಾ ಕಂಪ್ಯೂಟರ್‌ನಲ್ಲಿ ಕೂತದೆ."

"ನಿಮ್ಗಿಂತ ಮುಂಚೆ ಇದ್ದ ಮೇಷ್ಟ್ರು ಬರೀತಿರ್ಲಿಲ್ವಾ? ನಮ್ ಮಾದೇಸ ಕಿವಿ ಮುಟ್ಟುದ ಅಂತ ಆರ್ ವರ್ಸ ಅಂದ್ರು. ನಂಗೆ ಪೆನ್ಸನ್ ಬರ್ಲಿ ಅಂತ ಏಳ್ ವರ್ಸ ಏರ್ಸುದ್ರು, ನಾನೇನ್ ಬ್ಯಾಡ ಅಂದ್ನಾ? ಮುದುಕಿಗೆ ಏಳು ಕೊಟ್ರಿ, ಕೂಸ್ಗೆ ಐದ್ ಕೊಡಾಕೆ ಯಾಕಿಂಗ್ ಆಡ್ತೀರಾ?" ಎಂದವರೇ ಮೊಮ್ಮಗಳ ಕಡೆ ತಿರುಗಿ, "ಎತ್ತವ್ವ ಕೈಯ" ಎಂದರು.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹಿಂದೆ ಶಾಲೆಗೆ ಸೇರಿಸುವಾಗ ಮಗುವಿನ ಕೈಯನ್ನು ನೆತ್ತಿಯ ಮೇಲಿಂದ ಹಾಕಿಸಿ ಆ ಕಡೆಯ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ, ಒಳಗೆ ಬಾ. ಹುಟ್ಟಿದ ತಾರೀಕು? ಮೇಷ್ಟ್ರೇ ಬರೆದುಕೊಳ್ಳುತ್ತಿದ್ದರು, ಜೂನ್ ಒಂದು. ನಾನೂ ಜೂನ್ ಒಂದು, ನನ್ನ ಅಣ್ಣನೂ ಜೂನ್ ಒಂದು, ನಮ್ಮ ಓರಗೆಯ ಅರ್ಧ ಊರು ಜೂನ್ ಒಂದು.

ಕಾವ್ಯಶ್ರೀ ಕೈಯೆತ್ತಿ ನೆತ್ತಿಯ ಮೇಲಿಂದ ಹಾಕಿ ಕಿವಿ ಹಿಡಿದುಕೊಂಡು ನಿಂತಳು. "ನೋಡಿ, ಕಿವಿ ದಾಟಿ ಕೆನ್ನೆಗೆ ಬಂತು! ಇನ್ನೇನ್ ಬೇಕು ನಿಮ್ ಪುಸ್ತಕಕ್ಕೆ?" ಎಂದರು ಅಜ್ಜಿ. ಮೇಷ್ಟ್ರು ನಕ್ಕರು. ಅಡುಗೆಯವರು ಬಾಗಿಲಿಗೆ ಬಂದು ನಕ್ಕರು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಅವಳು ಮಾತ್ರ ನಗಲಿಲ್ಲ. ಇಷ್ಟಾದರೂ ಸಾಕಾದೀತೇನೋ ಎಂದು ಮೇಷ್ಟ್ರನ್ನೇ ನೋಡುತ್ತ, ಯಾರಾದರೂ ಇಳಿಸು ಎನ್ನುವವರೆಗೆ ಕೈ ಇಳಿಸದೆ ನಿಂತಿದ್ದಳು.

ನಿಮಗೂ ನಗು ಬಂದಿರಬಹುದು. ಹಳ್ಳಿ ಮುದುಕಿ, ವಯಸ್ಸನ್ನು ಮೇಷ್ಟ್ರು ಬರೆದುಕೊಡುತ್ತಾರೆ ಎಂದುಕೊಂಡಿದ್ದಾಳೆ. ಆದರೆ ಯೋಚಿಸಿ. ಆ ಕಾಲದ ಮೇಷ್ಟ್ರು ಬರೆದ ತಾರೀಕು ಸುಳ್ಳು, ಬಾಗಿಲು ಮಾತ್ರ ತೆರೆಯಿತು. ಕಾವ್ಯಶ್ರೀ ಆ ಮನೆಯಲ್ಲಿ ನಿಜವಾದ ಹುಟ್ಟಿದ ದಿನವಿರುವ ಮೊದಲನೆಯವಳು. ಆ ನಿಜವೇ ಅವಳಿಗೆ ಅಡ್ಡ ನಿಂತಿದೆ. ಏನೇ ಅನ್ನಿ, ಕಿವಿ ಮುಟ್ಟಿಸಿದ ಮೇಷ್ಟ್ರು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಕಣ್ಣಾರೆ ನೋಡಿದ್ದರು. ನೀವು ಯಾರನ್ನು ನೋಡಿದಿರಿ?

ನನ್ನ ಕಸುಬಿನ ಮಾತಲ್ಲಿ ಹೇಳುತ್ತೇನೆ. ಮೂವತ್ತು ವರ್ಷದಲ್ಲಿ ವಯಸ್ಸು ಹೇಳಿ ರವಿಕೆ ಹೊಲಿಸಿಕೊಂಡವರನ್ನು ನಾನು ಕಂಡಿಲ್ಲ. ಟೇಪು ಹಿಡಿದು ಮೈ ಅಳೆಯಬೇಕು. ಮೇಲಿನಿಂದ ತರಗತಿವಾರು ಹೊಲಿದು ಕಳಿಸುವ ಯೂನಿಫಾರಂ ಇದೆಯಲ್ಲ, ಜೂನ್ ಬಂದರೆ ಅರ್ಧ ಶಾಲೆ ನನ್ನ ಬಾಗಿಲಲ್ಲಿರುತ್ತದೆ. ಒಬ್ಬನದು ಹಿಡಿಯಬೇಕು, ಇನ್ನೊಬ್ಬಳದು ಬಿಚ್ಚಬೇಕು. ಒಂದೇ ತರಗತಿ, ಒಂದೇ ವಯಸ್ಸು, ಹತ್ತು ಮೈ. ಬಟ್ಟೆಯಾದರೆ ನಾನು ಬಿಚ್ಚಿ ಹೊಲಿದು ಕೊಟ್ಟೇನು. ನಿಮ್ಮ ಬೀಗವನ್ನು ಯಾವ ಕತ್ತರಿಯಲ್ಲಿ ಬಿಚ್ಚಲಿ?

ಏನು ಬೇಕಾದರೂ ಯಾರ ಕೈಗೆ ಬೇಕಾದರೂ ಕೊಡಿ ಎಂದು ನಾನು ಹೇಳುತ್ತಿಲ್ಲ. ದೆವ್ವದ ಚಿತ್ರಗಳ ಪುಸ್ತಕವೊಂದನ್ನು ಆರು ವರ್ಷದ ಮಧುಶ್ರೀ ಎಂಬ ಮಗುವಿನ ಕೈಯಿಂದ ನಾನೇ ತೆಗೆದು ಮೇಲಿನ ಹಲಗೆಗೆ ಇಟ್ಟಿದ್ದೇನೆ. ಅವಳು ಹೆದರುಪುಕ್ಕಲಿ ಎಂದು ನನಗೆ ಗೊತ್ತಿತ್ತು. ಅವಳ ತಾಯಿಗೂ ಹೇಳಿದೆ. ಮರುವರ್ಷ ಅವಳೇ ಕುರ್ಚಿ ಹತ್ತಿ ಎತ್ತಿಕೊಂಡಳು, ಸುಮ್ಮನಿದ್ದೆ. ಪೇಟೆಯ ತಂದೆತಾಯಂದಿರಿಗೆ ಅಂಗಡಿಯಲ್ಲಿ ಯಾವುದನ್ನು ಕೊಳ್ಳಬೇಕು ಎಂದು ತಿಳಿಯದೆ ಇರಬಹುದು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಲಹೆ ಅಚ್ಚು ಹಾಕಿ, ಯಾರು ಬೇಡ ಎಂದರು? ಸಲಹೆ ಬೇರೆ, ಬೀಗ ಬೇರೆ. ಸಾವಿನ ಕಥೆಗೆ ನೀವು ಹದಿನಾಲ್ಕು ಎಂದು ಬರೆದಿರಿ. ಸಾವಿಗೆ ನಿಮ್ಮ ಸುತ್ತೋಲೆ ತಲುಪಿರಲಿಲ್ಲ. ಅದು ಎಂಟನೇ ವಯಸ್ಸಿಗೇ ಅವಳ ಮನೆಗೆ ಬಂದು ಹೋಗಿತ್ತು.

ಇದೇ ನಾನು ಇಪ್ಪತ್ತು ವರ್ಷದ ಹಿಂದೆ ಆಗಿದ್ದರೆ ನಿಮಗೆ ಪತ್ರ ಬರೆಯುತ್ತಿರಲಿಲ್ಲ. ನಲವತ್ತು ಜನ ಸೇರಿಸಿ ಹುಣಸೂರಿನ ರಸ್ತೆಯಲ್ಲಿ ಕೂತುಬಿಡುತ್ತಿದ್ದೆ. ಹಳೆಯ ಸಂಗಾತಿಗಳಿಗೆ ಫೋನು ಮಾಡಿದೆ ಕೂಡ. ಸಿದ್ದರಾಜು ಎಂಬುವವನು, ಒಂದು ಕಾಲಕ್ಕೆ ಅವನ ಘೋಷಣೆಗೆ ಬಸ್ಸುಗಳು ನಿಲ್ಲುತ್ತಿದ್ದವು, "ಅಲ್ಲ ಕಣಕ್ಕ, ಸೊಪ್ಪಿನ ಅರಾಜು ಅತ್ರ ಬಂದದೆ, ಒಂದ್ ಪುಸ್ತಕಕ್ಕೆ ಅಂತ ಯಾರ್ ಬತ್ತಾರೆ, ಬುಡು" ಎಂದ. ಹೌದು, ಯಾರು ಬರುತ್ತಾರೆ? ನೀರಿಗೆ ಜನ ಬರುತ್ತಾರೆ, ರಸ್ತೆಗೆ ಬರುತ್ತಾರೆ. ಒಂದು ಮಗು ಮೂವತ್ತೆರಡನೇ ಪುಟ ಓದಲಿ ಎಂದು ಬಿಸಿಲಲ್ಲಿ ಕೂರಲು ಯಾರೂ ಬರುವುದಿಲ್ಲ. ಇದು ನಿಮಗೂ ಗೊತ್ತು. ಗೊತ್ತಿದ್ದೇ ಬೀಗ ಹಾಕಿದಿರಿ.

ಹಾಗಾಗಿ ನನ್ನ ಬೇಡಿಕೆ ಪತ್ರದಿಂದ ಪತ್ರಕ್ಕೆ ಸಣ್ಣದಾಗುತ್ತಾ ಬಂದಿದೆ. ಸುತ್ತೋಲೆ ಹಿಂತೆಗೆದುಕೊಳ್ಳಿ ಎಂದು ಶುರು ಮಾಡಿದೆ. ಆಮೇಲೆ, ಈ ಒಂದು ಪುಸ್ತಕಕ್ಕೆ ವಿನಾಯಿತಿ ಕೊಡಿ ಎಂದು ಬೇಡಿದೆ. ಅದೂ ಆಗದಿದ್ದರೆ ಒಂದೇ ಒಂದು ಶನಿವಾರ, ನಿಮ್ಮ ಅಧಿಕಾರಿಯೊಬ್ಬರನ್ನು ಎದುರಿಗೆ ಕೂರಿಸಿಯಾದರೂ ಸರಿ, ಬೀರು ತೆಗೆಸಿ ಎಂದೆ. ಆ ಮೂರನ್ನೂ ಇಲ್ಲಿ ಮತ್ತೆ ಕೇಳುತ್ತಿದ್ದೇನೆ, ಸಿಗುತ್ತದೆಂಬ ನಂಬಿಕೆಯಿಂದಲ್ಲ.

ನಂಬಿಕೆಯಿಟ್ಟು ಕೇಳುವುದು ಇನ್ನೊಂದಿದೆ. ಮುಂದಿನ ತಿಂಗಳು ನಿಮ್ಮವರು ಬೀರುಗಳ ತಪಾಸಣೆಗೆ ಬರುತ್ತಾರಂತೆ. ಪುಸ್ತಕಗಳನ್ನು ಇಳಿಸಿ, ಕೊಡವಿ, ಒಳಗಿರುವ ಕಾಗದ ಕಸ ತೆಗೆದು, ಮತ್ತೆ ಜೋಡಿಸಬೇಕೆಂದು ಚಲುವರಾಜುವಿಗೆ ಆದೇಶ ಬಂದಿದೆ. ಎರಡನೇ ಹಲಗೆಯಲ್ಲಿ, ಬಲಗಡೆ, ಬಿಳಿ ರಟ್ಟಿನ ಪುಸ್ತಕವೊಂದರಿಂದ ಬೆರಳುದ್ದದ ನೀಲಿ ಚಿಂದಿ ಹೊರಗೆ ಚಾಚಿಕೊಂಡಿದೆ. ಗಾಜಿನಾಚೆಯಿಂದಲೇ ಕಾಣುತ್ತದೆ. ಪ್ರತಿ ಶನಿವಾರ ಕಾವ್ಯಶ್ರೀ ಬಂದು ಅದು ಇದೆಯೇ ಎಂದು ನೋಡಿಕೊಂಡು ಹೋಗುತ್ತಾಳೆ.

ಅದು ಕಸವಲ್ಲ. ದಯವಿಟ್ಟು ಅದನ್ನು ಎಳೆಯಬೇಡಿ ಎಂದು ನಿಮ್ಮವರಿಗೆ ಹೇಳಿ.

ಇಂತಿ,
ನಿಮ್ಮ ಕೆಂಪು ಚೀಟಿಯನ್ನು ತನ್ನ ಕೈಯಾರೆ ಅಂಟಿಸಿದ,
ಅಂಟಿಸಿದ್ದನ್ನು ಕೀಳಲಾರದ,
ದಾಖಲೆಯ ಪ್ರಕಾರ ಜೂನ್ ಒಂದರಂದು ಹುಟ್ಟಿದ
ಪುಟ್ಟಮಲ್ಲಮ್ಮ, ಟೈಲರು
ಗಾವಡಗೆರೆ ಹೋಬಳಿ, ಹುಣಸೂರು ತಾಲ್ಲೂಕು